ಹೊರೆ ನಂಬರು

ನಮ್ಮ ಊರಿನಲ್ಲಿ ಮೂಟೆ ಹೊತ್ತವನ ಬೆನ್ನು ನೋಯುವುದಿಲ್ಲ. ಅವನನ್ನು ಕಂಡರೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಜೀವವೋ ಅವರ ಬೆನ್ನು ನೋಯುತ್ತದೆ. ಮಗ ಸೌದೆ ಒಡೆದರೆ ತಾಯಿಯ ತೋಳು ಸೇದುತ್ತದೆ. ಹೆಂಡತಿ ಬಟ್ಟೆ ಒಗೆದರೆ ಗಂಡ ಸೊಂಟ ಹಿಡಿದುಕೊಂಡು ಕೂರುತ್ತಾನೆ. ಕೂರದಿದ್ದರೆ ಆ ದಿನ ಅವನ ಸಾರಿಗೆ ಉಪ್ಪು ಕಮ್ಮಿ ಬೀಳುತ್ತದೆ. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂದು ಬೇರೆ ಊರಿನವರು ತಮಾಷೆಗೆ ಹೇಳುತ್ತಾರಂತೆ. ನಮ್ಮಲ್ಲಿ ಹಾಗಂದರೆ ಯಾರೂ ನಗುವುದಿಲ್ಲ, ಯಾರ ಮನೆಯ ಎಮ್ಮೆ ಎಂದು ಕೇಳುತ್ತಾರೆ. ತಾನು ದುಡಿದ ನೋವು ತನ್ನ ಮೈಯಲ್ಲೇ ಉಳಿದವನು ಮಾತ್ರ ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ಹೇಳಿದರೆ, ಇವನಿಗೆ ಅಂತ ಒಂದು ಜೀವವೂ ಇಲ್ಲ ಎಂದು ಊರಿಗೆಲ್ಲ ಗೊತ್ತಾಗಿಬಿಡುತ್ತದಲ್ಲ.

ಅದಕ್ಕೇ ನಮ್ಮಲ್ಲಿ ಹೊರೆ ಹೇಳುವ ಪದ್ಧತಿ ಇರುವುದು. ಭಾರ ಎತ್ತುವ ಮೊದಲು, ಆ ನೋವು ಯಾರ ಪಾಲಿಗೆ ಹೋಗುತ್ತದೋ ಅವರ ಮುಂದೆ ನಿಂತು, ‘ಅವ್ವಾ, ಇವತ್ತು ಒಂದು ಲಾರಿ ಉಪ್ಪು’ ಎಂದು ಹೇಳಬೇಕು. ಅವರು ಗಂಜಿ ಕುಡಿದು, ಕೆಲಸ ಪಕ್ಕಕ್ಕಿಟ್ಟು, ‘ಹೂಂ, ಎತ್ತು’ ಎನ್ನಬೇಕು. ಆ ‘ಹೂಂ’ ಕಿವಿಗೆ ಬೀಳದೆ ಮರ್ಯಾದಸ್ಥರು ಯಾರೂ ಮೂಟೆಗೆ ಕೈ ಹಾಕುವುದಿಲ್ಲ.

ನಾನು ಇಲ್ಲಿನ ಆಸ್ಪತ್ರೆಯ ಲ್ಯಾಬಿನವಳು. ಹೆಸರು ವಿಶಾಲಾಕ್ಷಿ ಅಂತ ಇದೆ, ಆದರೆ ಊರಿಗೆಲ್ಲ ನಾನು ರಕ್ತದಕ್ಕ. ದುಡಿತಕ್ಕೆ ಸ್ನಾಯು ಹರಿದಾಗ ಅದರೊಳಗಿನ ಒಂದು ಸತ್ವ ರಕ್ತಕ್ಕೆ ಸೋರುತ್ತದೆ. ಮಯೊಗ್ಲೋಬಿನ್ ಎಂದು ಅದರ ಹೆಸರು. ಅದನ್ನು ಅಳೆಯುವ ಕಿಟ್ಟು ಥರ್ಮೋಕೋಲಿನ ಡಬ್ಬಿಯಲ್ಲಿ, ಐಸಿನ ಮಧ್ಯೆ ಕೂತು, ಬಸ್ಸಿನಲ್ಲಿ ಬರುತ್ತದೆ. ಒಳಗೆ ಅಂಗೈಯಗಲದ ಒಂದು ಪ್ಲೇಟು, ಪ್ಲೇಟಿನ ತುಂಬ ಸಾಲು ಸಾಲಾಗಿ ಸಣ್ಣ ಗುಳಿಗಳು. ರಕ್ತದ ತಿಳಿಯನ್ನು ಗುಳಿಗೆ ಬಿಟ್ಟರೆ ಆ ಸತ್ವವೊಂದು ಮಾತ್ರ ತಳಕ್ಕೆ ಅಂಟಿಕೊಳ್ಳುತ್ತದೆ, ಮಿಕ್ಕಿದ್ದೆಲ್ಲ ತೊಳೆದರೆ ಹೋಗುತ್ತದೆ. ಆಮೇಲೆ ಬಣ್ಣದ ನೀರು ಬಿಟ್ಟು ಕಾಯಬೇಕು. ನೀಲಿ ಏರುತ್ತದೆ. ಕೊನೆಗೆ ಒಂದು ಹನಿ ಆಸಿಡ್ ಬಿದ್ದ ಕೂಡಲೇ ನೀಲಿಯೆಲ್ಲ ಹಳದಿಯಾಗಿ ತಿರುಗುತ್ತದೆ. ಹಳದಿ ಗಾಢವಾದಷ್ಟೂ ಹೊರೆ ಹೆಚ್ಚು. ಮಿಷನ್ನು ಆ ಹಳದಿಯನ್ನು ನೋಡಿ ಒಂದು ಸಂಖ್ಯೆ ಹೇಳುತ್ತದೆ, ನಮ್ಮವರು ಅದಕ್ಕೆ ಹೊರೆ ನಂಬರು ಎನ್ನುತ್ತಾರೆ. ಎಷ್ಟು ವರ್ಷದಿಂದ ಮಾಡುತ್ತಿದ್ದರೂ ನೀಲಿ ಹಳದಿಯಾಗುವ ಆ ಗಳಿಗೆಯಲ್ಲಿ ನಾನು ಬೇರೆ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ. ಯಾವುದೋ ಬೀದಿಯ ಒಬ್ಬಳು ತಾಯಿ ಮಗನ ಮೇಲಿಟ್ಟ ಅಕ್ಕರೆ, ಅರಿಶಿನದ ನೀರಿನ ಹಾಗೆ ನನ್ನ ಕೈಯಲ್ಲಿ ನಿಂತಿರುತ್ತದೆ.

ಕಿಟ್ಟಿನ ಕಂಪನಿಯ ಹುಡುಗನೊಬ್ಬ ಒಮ್ಮೆ ಬಂದಿದ್ದ. ‘ನಿಮ್ಮ ಲೆಕ್ಕ ತಿರುಗುಮುರುಗಾಗಿದೆ ಮೇಡಂ, ಕೂತವರಿಗೆ ಜಾಸ್ತಿ, ಹಮಾಲಿಗಳಿಗೆ ಕಮ್ಮಿ’ ಎಂದು ತಲೆ ಕೆರೆದುಕೊಂಡ. ನಾನು ವಾದಕ್ಕೆ ಹೋಗಲಿಲ್ಲ. ಮಣ್ಣಿನಲ್ಲಿ ಹೂತ ನಮ್ಮ ಜೀಪನ್ನು ತಳ್ಳಿಕೊಡಪ್ಪ ಎಂದೆ, ತಳ್ಳಿದ. ಮರುದಿನ ಬೆಳಿಗ್ಗೆ ಅವನ ತಾಯಿ ಫೋನು ಮಾಡಿ, ಯಾಕೋ ಭುಜ ಎತ್ತೋಕಾಗ್ತಿಲ್ಲ ಕಣೋ ಎಂದರಂತೆ. ಹುಡುಗ ಫೋನನ್ನು ಜೇಬಿಗಿಟ್ಟ. ಆಮೇಲೆ ಯಾವ ಪ್ರಶ್ನೆಯನ್ನೂ ಕೇಳದೆ ಬಸ್ಸು ಹತ್ತಿದ.

ಈಗ ಅಣ್ಣತಮ್ಮಂದಿರ ವಿಷಯಕ್ಕೆ ಬರುತ್ತೇನೆ. ಅಣ್ಣ ಮೂಡ್ಲಯ್ಯ ದರ್ಜಿ, ನಮ್ಮ ಆಸ್ಪತ್ರೆಯ ಎದುರಿಗೇ ಅಂಗಡಿ. ತಮ್ಮ ಕೆಂಪರಂಗ ಗೋಡೌನಿನ ಹಮಾಲಿ, ಆ ಗೋಡೌನು ಅಂಗಡಿ ದಾಟಿ ನಾಲ್ಕು ಹೆಜ್ಜೆಯ ಆಚೆ. ಇಬ್ಬರೂ ಎಣ್ಣೆ ಸೀಗೆಕಾಯಿ. ಕೆಂಪರಂಗ ಬೀದಿಯಲ್ಲಿ ಬಂದರೆ ಮೂಡ್ಲಯ್ಯ ಮಿಷನ್ನು ನಿಲ್ಲಿಸಿ, ಎದ್ದು ಬಂದು, ಚರಂಡಿಗೆ ಉಗಿದು, ಮತ್ತೆ ಕೂತು ಹೊಲಿಯುತ್ತಿದ್ದ. ಇಷ್ಟಕ್ಕೆಲ್ಲ ಕಾರಣ ಅವರ ತಾಯಿ. ಆಕೆಗೆ ಕಿರಿಯವನ ಮೇಲೆ ಜೀವ, ಅವನ ಹೊರೆಯೆಲ್ಲ ಆಕೆಯದೇ. ಕೆಂಪರಂಗ ಹರೆಯದಲ್ಲಿ ಯಾರೋ ಕೆಣಕಿದರೆಂದು ಎಣ್ಣೆಗಾಣದ ಕಲ್ಲನ್ನು ಹೆಗಲಿಗೆತ್ತಿ ಗಾಣದ ಸುತ್ತ ಬಂದುಬಿಟ್ಟ. ಎತ್ತುವ ಮೊದಲು ಮನೆಗೆ ಹೋಗಿ ಹೊರೆ ಹೇಳಿರಲಿಲ್ಲ. ತಾಯಿ ಒಲೆಯ ಮುಂದೆ ಕೂತವಳು ಹಾಗೇ ಪಕ್ಕಕ್ಕೆ ಒರಗಿದಳು, ಮತ್ತೆ ಏಳಲಿಲ್ಲ. ಆಗಿನ್ನೂ ಲ್ಯಾಬಿಗೆ ಕಿಟ್ಟು ಬಂದಿರಲಿಲ್ಲ. ಮಣ್ಣು ಹಾಕಿದ ಮೇಲೆ ಮೂಡ್ಲಯ್ಯ ಊರೆದುರಿಗೆ, ‘ಇವತ್ತಿಗೆ ನೀ ನನ್ ಪಾಲಿಗೆ ಸತ್ತೆ. ನಿನ್ ಹೊರೆ ಬೀದಿ ನಾಯಿಗೆ ಹೋಗ್ಲಿ’ ಎಂದು ಆಣೆ ಇಟ್ಟ.

ಎಲ್ಲರೂ ಕೆಂಪರಂಗನ ಗತಿ ಮುಗಿಯಿತು ಎಂದುಕೊಂಡರು. ಮದುವೆಯಿಲ್ಲ, ಮಕ್ಕಳಿಲ್ಲ, ಇನ್ನು ತನ್ನ ನೋವು ತಾನೇ ಉಣ್ಣಬೇಕು. ಆದರೆ ಮಾರನೆಯ ದಿನ ಮೂಟೆ ಎತ್ತಿದವನಿಗೆ ಬೆನ್ನು ಎಂದಿನಷ್ಟೇ ಹಗುರ. ಅವನು ಅಲ್ಲೇ ಮೂಟೆ ಇಳಿಸಿ ಅತ್ತನಂತೆ. ಅವ್ವ ಸತ್ತರೂ ಬಿಟ್ಟಿಲ್ಲ, ಮಣ್ಣೊಳಗಿಂದಲೇ ಹೊರುತ್ತಿದ್ದಾಳೆ ಎಂದು ಅವನ ನಂಬಿಕೆ. ಅಂದಿನಿಂದ ದಿನಾ ಬೆಳಿಗ್ಗೆ ಊರಾಚೆಯ ಆ ಮಣ್ಣಿನ ಗುಡ್ಡೆಯ ಮುಂದೆ ಸಿಂಬಿ ಕಂಕುಳಿಗಿಟ್ಟು ನಿಂತು ಹೊರೆ ಹೇಳುತ್ತಿದ್ದ. ‘ಅವ್ವಾ, ಇವತ್ತು ಸಿಮೆಂಟು.’ ಗಾಳಿ ಬೀಸಿ ಹುಲ್ಲು ಅಲ್ಲಾಡುವವರೆಗೂ ಕಾಯುತ್ತಿದ್ದ. ಹುಲ್ಲು ಅಲ್ಲಾಡಿದರೆ ಅದೇ ಅವನಿಗೆ ‘ಹೂಂ’. ಊರಿನವರು ದಾರಿ ಬಿಟ್ಟು ನಡೆಯುತ್ತಿದ್ದರು, ಯಾರೂ ಹಾಸ್ಯ ಮಾಡಲಿಲ್ಲ.

ಹಾಗಿದ್ದವನು ಒಂದು ದಿನ ಲ್ಯಾಬಿನ ಹಿಂಬಾಗಿಲಿಗೆ ಬಂದ.

‘ರಕ್ತದಕ್ಕ, ಒಂದ್ ವಿಷ್ಯ. ಯಾರ್ಗೂ ಗೊತ್ತಾಗ್ಬಾರ್ದು.’

‘ಇದುವರ್ಗೂ ಯಾರ್ದು ಯಾರಿಗ್ ಹೇಳಿದೀನಪ್ಪ ನಾನು?’

‘ಕಾಲು ನೋಯ್ತದೆ. ಬೆನ್ನೇನಿಲ್ಲ, ಕತ್ತೇನಿಲ್ಲ. ಪಾದ, ಮೀನಖಂಡ, ಅಷ್ಟೇಯ. ಭಾಳ ವರ್ಷದಿಂದ ಐತೆ, ಈಗೀಗ ಜಾಸ್ತಿ.’ ಅವನು ನಾಚಿಕೆಯಿಂದ ನೆಲ ನೋಡಿದ. ‘ಅವ್ವಂಗೂ ವಯಸ್ಸಾಯ್ತೇನೋ. ಮ್ಯಾಗ್ಲಿಂದೆಲ್ಲ ತಕ್ಕೊಂಡು ಕಾಲಿಂದು ಒಂದು ನಂಗೇ ಉಳಿಸ್ತವ್ಳೆ.’

ಸತ್ತವರಿಗೆ ವಯಸ್ಸಾಗುವುದು ಹೇಗೆ ಎಂದು ನಾನು ಕೇಳಲಿಲ್ಲ. ರಕ್ತ ತೆಗೆದೆ. ಅವನ ಗುಳಿ ಎಳೆ ನಿಂಬೆಯ ಬಣ್ಣಕ್ಕೆ ತಿರುಗಿತು. ಹೆಚ್ಚೇನಿಲ್ಲ, ಬಿಸಿನೀರಲ್ಲಿ ಕಾಲಿಡು ಎಂದು ಕಳಿಸಿದೆ. ಅಷ್ಟು ಭಾರ ಹೊರುವವನಿಗೆ ಹೆಗಲಿನಲ್ಲಿಲ್ಲದ ನೋವು ಪಾದಕ್ಕೆ ಮಾತ್ರ ಯಾಕೆ ಬಂತು ಎಂದು ನಾನಾದರೂ ಯೋಚಿಸಬೇಕಿತ್ತು, ಯೋಚಿಸಲಿಲ್ಲ.

ಆ ವರ್ಷ ಗುಡ್ಡದ ಮೇಲೆ ಊರಿಗೊಂದು ನೀರಿನ ಟ್ಯಾಂಕು ಕಟ್ಟತೊಡಗಿದರು. ಸಿಮೆಂಟಿನ ಲಾರಿಗಳು ಒಂದರ ಹಿಂದೊಂದು ಬಂದವು. ಕೆಂಪರಂಗ ಇಬ್ಬರ ಕೆಲಸ ಒಬ್ಬನೇ ಮಾಡಿದ. ಅದೇ ದಿನಗಳಲ್ಲಿ ಮೂಡ್ಲಯ್ಯನನ್ನು ಅವನ ಹೆಂಡತಿ ಗಂಗಕ್ಕ ಆಟೋದಲ್ಲಿ ಆಸ್ಪತ್ರೆಗೆ ತಂದಳು. ಕತ್ತು ತಿರುಗುತ್ತಿರಲಿಲ್ಲ, ಹೆಗಲು ಮುಟ್ಟಿದರೆ ಹಲ್ಲು ಕಚ್ಚುತ್ತಿದ್ದ, ಮೂತ್ರ ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ಬಂದಿತ್ತು. ಅವನ ಗುಳಿಯ ಹಳದಿ ನೋಡಿ ನಾನು ಡಾಕ್ಟರ್ ಶಮೀಮರನ್ನು ಕೂಗಿದೆ.

‘ಕೂತು ಹೊಲಿಯೋ ಮನುಷ್ಯ ನೀವು. ಯಾರ ಹೊರೆ ಇದು?’ ಎಂದರು ಡಾಕ್ಟರು.

‘ಯಾರ್ದೂ ಅಲ್ಲ ತಾಯಿ, ವಾಯು.’

‘ವಾಯುಗೆ ಇಷ್ಟು ಹಳದಿ ಬರಲ್ಲ. ಈ ಸತ್ವ ಕಿಡ್ನಿಗೆ ಹೋಗಿ ಕಟ್ಕೊಳ್ತಾ ಇದೆ. ಹೊರೆ ನಿಲ್ಲದೆ ಇದ್ರೆ ಕಿಡ್ನಿ ನಿಲ್ಲುತ್ತೆ. ಯಾರು ಅಂತ ಹೇಳಿ, ಅವರನ್ನ ಕೂರಿಸ್ತೀನಿ.’

ಮೂಡ್ಲಯ್ಯ ಗೋಡೆ ಕಡೆ ನೋಡಿದ. ನಂಬರು ಎಷ್ಟು ಎಂದು ಕಿಟ್ಟು ಹೇಳುತ್ತದೆ, ಯಾರದು ಎಂದು ಹೇಳುವುದಿಲ್ಲ. ಅದನ್ನು ಹೊತ್ತವರ ಬಾಯಿಂದಲೇ ಕೇಳಬೇಕು, ಇಲ್ಲವೇ ಒಬ್ಬೊಬ್ಬರನ್ನೇ ಕೂರಿಸಿ ನೋಡಬೇಕು. ಗಂಗಕ್ಕ, ‘ನಂದೇ ಇರ್ಬೇಕು, ಇನ್ಯಾರ್ದಿರ್ತದೆ’ ಎಂದು ಸ್ವಲ್ಪ ಜಂಬದಿಂದಲೇ ಕೊಡ ಬಿಂದಿಗೆ ಮುಟ್ಟದೆ ಬೆಂಚಿನ ಮೇಲೆ ಕೂತಳು. ಗಂಡ ಮಿಷನ್ನು ತುಳಿದ ನೋವು ತನಗೇ ಬರುವುದು ಎಂದು ತೋರಿಸಲು ಆಕೆ ವರ್ಷಗಳಿಂದ ಸಂಜೆ ಹೊತ್ತು ಜಗಲಿಯಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದವಳು. ನಂಬರು ಇಳಿಯಲಿಲ್ಲ. ನೆಂಟರು ಕೂತರು, ಇಳಿಯಲಿಲ್ಲ. ಗಂಗಕ್ಕನ ಮುಖ ಸಣ್ಣದಾಯಿತು.

ಡಾಕ್ಟರು ಪಂಚಾಯಿತಿಗೆ ಹೇಳಿ ಸುಮ್ಮನಿರುವ ದಿನ ಸಾರಿಸಿದರು. ಯಾರ ಹೊರೆ ಯಾರ ಮೇಲೆ ಬಿದ್ದಿದೆಯೋ ತಿಳಿಯದೆ ಜೀವಕ್ಕೆ ಬಂದಾಗ ಊರಿಗೆ ಊರೇ ಒಂದು ದಿನ ಏನನ್ನೂ ಎತ್ತದೆ ಕೂರುವುದು ನಮ್ಮಲ್ಲಿದೆ. ತಮಟೆ ಮನೆಮನೆಯ ಮುಂದೆ ಹೋಯಿತು. ಆ ಬೆಳಿಗ್ಗೆ ಹಿಟ್ಟಿನ ಗಿರಣಿ ನಿಂತಿತು. ಬಾವಿಯ ರಾಟೆ ನಿಂತಿತು. ಕಮ್ಮಾರ ಸುತ್ತಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ಮಗುವನ್ನು ಎತ್ತಿಕೊಳ್ಳಬಾರದೆಂದು ತಾಯಂದಿರೇ ನೆಲಕ್ಕೆ ಕೂತು ಮಕ್ಕಳನ್ನು ತೊಡೆಗೆ ಹತ್ತಿಸಿಕೊಂಡರು. ತಮ್ಮ ಜುಬ್ಬದ ತೋಳನ್ನು ಮೂಡ್ಲಯ್ಯ ಗಿಡ್ಡ ಹೊಲಿದಿದ್ದಾನೆಂದು ಹಿಂದಿನ ವಾರ ಜಗಳವಾಡಿದ ಮೇಷ್ಟರು ಕೂಡ, ಯಾರಿಗೆ ಗೊತ್ತು, ಅವನಿಗೆ ನನ್ನ ಮೇಲೆ ಪ್ರೀತಿಯಿದ್ದರೂ ಇರಬಹುದು ಎಂದು ಕೈ ಕಟ್ಟಿ ಕೂತಿದ್ದರು. ಒಬ್ಬ ದರ್ಜಿಯ ಮೈಗೆ ವಿಶ್ರಾಂತಿ ಸಿಗಲೆಂದು ಅಷ್ಟು ಜನ ಉಸಿರು ಬಿಗಿಹಿಡಿದು ಕೂತಿದ್ದರು.

ತಮಟೆ ಒಂದು ಬಾಗಿಲನ್ನು ಮಾತ್ರ ಬಿಟ್ಟು ಮುಂದೆ ಹೋಗಿತ್ತು. ಹಗೆಯವರ ಮನೆಗೆ ಸುಮ್ಮನಿರುವ ತಮಟೆ ಹೋಗಕೂಡದು ಎಂಬುದು ಹಿಂದಿನಿಂದ ಬಂದ ಕಟ್ಟಳೆ. ಹೋದರೆ, ಅವನಿಗೆ ನಿನ್ನ ಮೇಲೆ ಜೀವ ಇದೆಯೇನೋ ಎಂದು ಕೇಳಿದ ಹಾಗೆ, ಎರಡು ಕಡೆಗೂ ಅವಮಾನ. ಆದ್ದರಿಂದ ಆ ದಿನ ಊರಿನಲ್ಲಿ ಎದ್ದು ನಡೆಯುತ್ತಿದ್ದವನು ಕೆಂಪರಂಗ ಒಬ್ಬನೇ. ಲಾರಿ ಬಂದು ನಿಂತಿತ್ತು, ಮಿಕ್ಕ ಹಮಾಲಿಗಳೆಲ್ಲ ಜಗಲಿಯಲ್ಲಿ ಕೂತಿದ್ದರು. ಅವನು ಅವ್ವನ ಗುಡ್ಡೆಗೆ ಹೋಗಿ ಹೊರೆ ಹೇಳಿ ಬಂದು, ಆ ಲಾರಿಯನ್ನು ಪೂರ್ತಿ ಒಬ್ಬನೇ ಇಳಿಸತೊಡಗಿದ. ನಿಶ್ಶಬ್ದವಾದ ಬೀದಿಯಲ್ಲಿ ಮೂಟೆ ನೆಲಕ್ಕೆ ಬೀಳುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ನಾನೂ ಕೇಳಿದೆ. ಡಾಕ್ಟರೂ ಕೇಳಿದರು. ನಮಗೆ ಯಾರಿಗೂ ಏನೂ ಹೊಳೆಯಲಿಲ್ಲ.

ಮಧ್ಯಾಹ್ನಕ್ಕೆ ಮೂಡ್ಲಯ್ಯ ನರಳತೊಡಗಿದ. ಸಂಜೆಯ ಹೊತ್ತಿಗೆ ಮೂತ್ರ ಕಪ್ಪಾಯಿತು. ನಾನು ಪ್ಲೇಟು ಹಾಕಿದೆ. ಇಳಿದಿರಬೇಕು, ಊರೇ ಕೂತಿದೆಯಲ್ಲ ಎಂದುಕೊಂಡು ಆಸಿಡ್ಡಿನ ಹನಿ ಬಿಟ್ಟೆ. ಅವನ ಗುಳಿ ಎಂದೂ ಕಾಣದಂಥ ಹಳದಿಗೆ ತಿರುಗಿತು. ಮಿಷನ್ನಿಗೆ ಅದನ್ನು ಓದಲಾಗಲಿಲ್ಲ, ಅಳತೆ ಮೀರಿದೆ ಎಂದಿತು. ರಕ್ತದ ತಿಳಿಯನ್ನು ತೆಳುವಾಗಿಸಿ ಮತ್ತೆ ಹಾಕಿದೆ, ಆಗಲೂ ಹಳದಿ ಹೊಳೆಯುತ್ತಲೇ ಇತ್ತು. ಹೊರಗೆ ಇನ್ನೊಂದು ಮೂಟೆ ಧೊಪ್ಪೆಂದು ಬಿತ್ತು, ಒಳಗೆ ವಾರ್ಡಿನಲ್ಲಿ ಮೂಡ್ಲಯ್ಯ ಅಮ್ಮಾ ಎಂದ. ಮತ್ತೊಂದು ಬಿತ್ತು, ಮತ್ತೆ ಅಮ್ಮಾ ಎಂದ. ನಾನು ಪ್ಲೇಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಹಾಸಿಗೆಯ ಬಳಿ ಹೋಗಿ ಬಗ್ಗಿ, ‘ಮೂಡ್ಲಣ್ಣ, ಕೆಂಪರಂಗನದಾ?’ ಎಂದೆ.

ಅವನು ಕಣ್ಣು ಮುಚ್ಚಿಕೊಂಡ. ರೆಪ್ಪೆಯ ಕೆಳಗಿಂದ ನೀರು ಕಿವಿಯ ಕಡೆಗೆ ಇಳಿಯಿತು. ‘ಅವ್ವನ್ನ ಮಣ್ಣು ಮಾಡಿ ಬಂದ್ ಮಾರನೇ ದಿನದಿಂದ’ ಎಂದ. ‘ಆಣೆ ಇಟ್ಟಿದ್ದು ಬಾಯಿ. ಮೈ ಕೇಳ್ಬೇಕಲ್ಲ.’

‘ಒಂದ್ ಮಾತು ಅವನಿಗೆ ಹೇಳಿದ್ರೆ ಆಗ್ತಿರ್ಲಿಲ್ವಾ?’

‘ಹೇಳಿದ್ರೆ ಅವ್ನು ಹೊರೋದ್ ಬಿಡ್ತಾನೆ. ಅದ್ ಬಿಟ್ರೆ ಅವ್ನಿಗ್ ಇನ್ನೇನ್ ಬತ್ತದೆ? ಅವ್ವ ಹೊರ್ತವ್ಳೆ, ತಪ್ಪು ಮನ್ನಿಸವ್ಳೆ ಅಂದ್ಕೊಂಡು ಬದುಕವ್ನೆ. ಹಂಗೇ ಅಂದ್ಕೊಳ್ಲಿ ಬಿಡು ರಕ್ತದಕ್ಕ. ನೀ ಹೇಳ್ಬೇಡ.’

ಹೊತ್ತವರ ಗುಟ್ಟು ಹೊತ್ತವರದೇ ಎಂಬುದು ನಮ್ಮ ಲ್ಯಾಬಿನ ಕಟ್ಟಳೆ. ಇಷ್ಟು ವರ್ಷದಲ್ಲಿ ನಾನು ಅದನ್ನು ಮೀರಿದವಳಲ್ಲ. ಡಾಕ್ಟರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ‘ಇನ್ನೊಂದು ಲಾರಿ ಇಳಿದ್ರೆ ಇವರು ಉಳಿಯೋಲ್ಲ’ ಎಂದಷ್ಟೇ ಹೇಳಿ ಸಲೈನು ಬದಲಿಸಲು ಒಳಗೆ ಹೋದರು. ಬೀದಿಯ ತಿರುವಿನಲ್ಲಿ ಎರಡನೆಯ ಲಾರಿ ಹಾರನ್ನು ಹೊಡೆಯುತ್ತಿತ್ತು.

ಪ್ಲೇಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೌನಿಗೆ ಹೋದೆ. ಜಗಲಿಗಳ ಮೇಲೆ ಕೂತ ಊರೆಲ್ಲ ನನ್ನನ್ನೇ ನೋಡಿತು. ಕೆಂಪರಂಗ ತಲೆಯ ಮೇಲೆ ಮೂಟೆಯಿಟ್ಟುಕೊಂಡು ಹಲಗೆ ಇಳಿಯುತ್ತಿದ್ದ. ಮುಖದಲ್ಲಿ ದಣಿವಿನ ಸುಳಿವೇ ಇರಲಿಲ್ಲ.

‘ರಂಗ, ಇದನ್ನ ನೋಡು’ ಎಂದು ಪ್ಲೇಟು ಎತ್ತಿ ಹಿಡಿದೆ. ಸಂಜೆಯ ಬಿಸಿಲಿಗೆ ಆ ಗುಳಿ ದೀಪದ ಹಾಗೆ ಕಂಡಿತು. ‘ನಿನ್ನ ಹೊರೆ ಹೊರೋರ ರಕ್ತ ಇದು.’

ಅವನು ಮೂಟೆ ಹೊತ್ತೇ ನಿಂತು ನೋಡಿದ. ನೋಡುತ್ತಾ ನೋಡುತ್ತಾ ಅವನ ಮುಖ ಅರಳಿತು. ‘ಅವ್ವಂದಾ?’ ಎಂದ.

‘ಸತ್ತೋರಿಗೆ ರಕ್ತ ಇರಲ್ಲ ರಂಗ.’

ಅದಕ್ಕಿಂತ ಹೆಚ್ಚು ನಾನು ಒಂದು ಮಾತೂ ಆಡಲಿಲ್ಲ. ಅವನು ನನ್ನನ್ನು ನೋಡಿದ. ಕೈ ಕಟ್ಟಿ ಕೂತ ಬೀದಿಯನ್ನು ನೋಡಿದ. ಆ ದಿನ ಊರು ಯಾರಿಗೋಸ್ಕರ ಸುಮ್ಮನಿದೆ ಎಂಬುದು ಅವನಿಗೂ ಗೊತ್ತಿತ್ತಲ್ಲ. ಆಮೇಲೆ ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ಮೆಲ್ಲಗೆ ಮಂಡಿಯೂರಿ ಮೂಟೆಯನ್ನು ನೆಲಕ್ಕಿಳಿಸಿದ. ಇಳಿಸಿದ ಮೇಲೂ ಎರಡು ಕೈಯಿಂದ ಅದನ್ನು ಹಿಡಿದುಕೊಂಡೇ ಕೂತಿದ್ದ, ಎಲ್ಲಿ ಅದು ಮತ್ತೆ ಯಾರ ಮೇಲಾದರೂ ಬಿದ್ದೀತೋ ಎಂಬಂತೆ. ಲಾರಿಯವನು ಬಂದು ಬೈದ, ಮೇಲೆ ಕೂತು ಹಾರನ್ನು ಒತ್ತಿದ. ಕೆಂಪರಂಗ ಏಳಲಿಲ್ಲ.

ಆಮೇಲಿನ ದಿನಗಳಲ್ಲಿ ಗುಳಿಯ ಹಳದಿ ದಿನದಿನಕ್ಕೂ ಇಳಿಯಿತು. ಮೂತ್ರ ತಿಳಿಯಾಯಿತು. ಡಾಕ್ಟರು ಇನ್ನು ಭಯವಿಲ್ಲ ಎಂದ ಬೆಳಿಗ್ಗೆ ಕೆಂಪರಂಗ ವಾರ್ಡಿನ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ. ಗುಡ್ಡೆಯ ಮುಂದೆ ನಿಲ್ಲುತ್ತಿದ್ದ ಹಾಗೆಯೇ, ಸಿಂಬಿ ಕಂಕುಳಲ್ಲಿ, ತಲೆ ತಗ್ಗಿಸಿ ನಿಂತ. ಮೂಡ್ಲಯ್ಯ ಎದ್ದು ಉಗಿಯಲು ಅಲ್ಲಿ ಚರಂಡಿಯೂ ಇರಲಿಲ್ಲ, ಮೈಯಲ್ಲಿ ಕಸುವೂ ಇರಲಿಲ್ಲ. ಕತ್ತು ತಿರುಗಿಸಿದ. ತಿರುಗಿತು.

‘ಅಣ್ಣ’ ಎಂದ ಕೆಂಪರಂಗ, ‘ಇವತ್ತು ಹೊರೆ ಏನಿಲ್ಲ.’

ಮೂಡ್ಲಯ್ಯ ನನ್ನ ಕಡೆ ಸಿಟ್ಟಿನಿಂದ ನೋಡಿದ. ‘ನೀನೇನ್ ನಂಗೆ ಹೊರೆ ಹೇಳೋದು? ಯಾರ್ ನೀನು?’

‘ಗೊತ್ತಿಲ್ಲ. ಒಂದ್ ಕೇಳ್ತೀನಿ, ಹೇಳು. ನೀ ಮಲಗ್ದಾಗಿಂದ ಮಿಷನ್ ತುಳಿದಿದ್ಯಾ?’

‘ಹೆಂಗ್ ತುಳಿಲಿ, ಎದ್ ಕೂರಕಾಗ್ದೆ.’

‘ಅದೇಯ.’ ಕೆಂಪರಂಗ ಬಗ್ಗಿ ತನ್ನ ಮೀನಖಂಡ ಮುಟ್ಟಿದ. ‘ಅವ್ವ ಹೋದಾಗಿಂದ ನೋಯ್ತಿದ್ ನನ್ ಕಾಲು, ನೀ ಮಲಗಿದ್ ದಿನದಿಂದ ನೋಯ್ತಿಲ್ಲ ಕಣಣ್ಣ.’

ನನಗೆ ಆ ಎಳೆ ನಿಂಬೆಯ ಬಣ್ಣದ ಗುಳಿ ಕಣ್ಣಮುಂದೆ ಬಂತು. ಪಾದ ಮತ್ತು ಮೀನಖಂಡ. ದಿನವೆಲ್ಲ ಹೊಲಿಗೆ ಮಿಷನ್ನಿನ ಪೆಡಲು ತುಳಿದ ನೋವು ಅದು, ನನ್ನ ಕೈಯಲ್ಲೇ ಹಾದುಹೋಗಿತ್ತು. ಊರೆದುರು ಹಗೆ ಸಾಧಿಸುತ್ತಾ, ಈ ಇಬ್ಬರೂ ಅಷ್ಟು ವರ್ಷ ಒಬ್ಬರ ನೋವನ್ನು ಒಬ್ಬರು ಹೊತ್ತುಕೊಂಡು ತಿರುಗಿದ್ದರು. ನನಗೆ ಅಳು ಬಂತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ. ಗಂಗಕ್ಕ ಮಾತ್ರ ಗಂಡನನ್ನೂ ಮೈದುನನನ್ನೂ ಒಂದೊಂದು ಸಲ ನೋಡಿ, ಮೂಗೊರೆಸಿಕೊಂಡು, ‘ಹೋಗ್ಲಿ ಬಿಡಿ, ಇನ್ಮ್ಯಾಲೆ ಕಾಲೆಣ್ಣೆ ಆದ್ರೂ ಉಳೀತದೆ’ ಎಂದಳು.

ಈಗ ಕೆಂಪರಂಗ ಮೂಟೆ ಹೊರುವುದು ಕಮ್ಮಿ. ಗೋಡೌನಿನವರು ಒಂದು ತಳ್ಳುಗಾಡಿ ತಂದಿದ್ದಾರೆ. ಅದನ್ನು ತಳ್ಳುವ ಮುಂಚೆಯೂ ಅವನು ಅಂಗಡಿಯ ಮುಂದೆ ನಿಂತು ಹೊರೆ ಹೇಳುತ್ತಾನೆ. ಮೂಡ್ಲಯ್ಯ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ‘ಹೂಂ’ ಎನ್ನುತ್ತಾನೆ. ಮಾತುಕತೆ ಇನ್ನೂ ಅಷ್ಟಕ್ಕಷ್ಟೇ. ಇಬ್ಬರದೂ ಹಟಮಾರಿ ಮೂಳೆ. ನಾನು ಬೆಳಿಗ್ಗೆ ಲ್ಯಾಬಿನ ಕಿಟಕಿ ತೆರೆದು ಪ್ಲೇಟು ಜೋಡಿಸುತ್ತಿರುತ್ತೇನೆ. ದಿನವೆಲ್ಲ ಗುಳಿಗಳ ಮೇಲೆ ಬಗ್ಗುವವಳು ನಾನು, ನನ್ನ ಕತ್ತು ಒಂದು ದಿನವೂ ನೋಯುವುದಿಲ್ಲ. ಯಾರದು ನೋಯುತ್ತಿದೆಯೋ ಎಂದು ಹುಡುಕುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಎದುರಿನ ಅಂಗಡಿಯಲ್ಲಿ ಮೂಡ್ಲಯ್ಯ ಮಿಷನ್ನಿಗೆ ಎಣ್ಣೆ ಬಿಟ್ಟು, ದಾರ ಪೋಣಿಸಿ, ಪೆಡಲಿನ ಮೇಲೆ ಪಾದ ಇಡುತ್ತಾನೆ. ತುಳಿಯುವುದಿಲ್ಲ. ತಲೆ ಹೊರಗೆ ಹಾಕಿ ಗೋಡೌನಿನ ಕಡೆಗೆ ಕೂಗುತ್ತಾನೆ.

‘ರಂಗಾ, ಇವತ್ತು ಮೂರು ರವಿಕೆ, ಒಂದು ಜುಬ್ಬ.’

ಕಾಯುತ್ತಾನೆ. ಆ ಕಡೆಯಿಂದ ‘ಹೂಂ, ತುಳಿ’ ಎಂದು ಕೇಳಿದ ಮೇಲೆ ಮಿಷನ್ನು ಶುರುವಾಗುತ್ತದೆ.